ಸೀಳದ ಹಾಳೆಗಳು

೧೯೩೮ನೇ ಇಸವಿ ಮಾರ್ಚ್ ೧೨, ಶನಿವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷ. ಜಮಖಂಡಿಯಲ್ಲಿ ಮುಧೋಳದ ಮೋಟಾರಿಗೆ ಕಾದಿದ್ದ ವಿಜ್ಞಾನದ ಮಾಸ್ತರ ಧರಣೇಂದ್ರರಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳಿಸಿತು. ಮಕ್ಕಳ ಪುಸ್ತಕದ ದೊಡ್ಡ ಬಹುಮಾನ ಹಿಂದಿನ ದಿನ ಬೇರೊಬ್ಬರ ಪಾಲಾಗಿತ್ತು. ಸೋತವನು ಬನಹಟ್ಟಿಯ ಪಾಯಪ್ಪ. ಜೊತೆಗಿದ್ದವನು ಅವನ ಬಾಲ್ಯದ ಗೆಳೆಯ ಅಂದಾನೆಪ್ಪ, ತೀರ್ಪುಗಾರರಲ್ಲಿ ಒಬ್ಬ.

“ನಿನ್ನ ಪುಸ್ತಕ ನಾ ಎರಡ ಸಲ ಓದೇನಿ,” ಎಂದ ಅಂದಾನೆಪ್ಪ. “ನವಿಲಿನ ಕತಿಗಿ ಕಣ್ಣಾಗ ನೀರ ಬಂದುವು. ಉಳಿದವ್ರು ಒಪ್ಪಲಿಲ್ಲಪಾ.”

“ಯಾವ ಪುಟಕ್ಕ ಬಂದುವಲೇ?”

“ಕಡೀ ಪುಟಕ್ಕ.”

ಪಾಯಪ್ಪ ಚೀಲದಿಂದ ಒಂದು ಪುಸ್ತಕ ತೆಗೆದ. “ನಿನಗ ಕಳಿಸಿದ ಪ್ರತಿ. ಮ್ಯಾಲ ನಿನ್ನ ಹೆಸರೈತಿ. ನಿನ್ನೆ ವಾಪಸ್ ಬಂತು.”

ಆಗೆಲ್ಲ ಹಲವು ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಅಚ್ಚಾಗಿ ಬರುತ್ತಿದ್ದವು. ಚಾಕುವಿನಿಂದ ಸೀಳದೆ ಓದಲಾಗುತ್ತಿರಲಿಲ್ಲ. ಅಂದಾನೆಪ್ಪ ಪುಸ್ತಕ ತೆಗೆದುಕೊಂಡು, ಇನ್ನೂ ಕೂಡಿಕೊಂಡೇ ಇದ್ದ ಅಂಚಿನ ಮೇಲೆ ಬೆರಳಾಡಿಸಿದ.

“ಹದಿನೆಂಟ ಪುಸ್ತಕ ಇದ್ದುವು ಮಾರಾಯಾ.”

“ಹಂಗಂತ ಹೇಳಬೇಕಿತ್ತು. ಅತ್ತೇನಿ ಅಂತ ಯಾಕ ಹೇಳಿದಿ?”

“ನಿನ್ನ ಮನಸ್ಸಿಗಿ ನೋವಾಗಬಾರದಂತ.”

“ಓದಿ ಬ್ಯಾಡ ಅಂದಿದ್ರ ಕೈ ಮುಗೀತಿದ್ದೆ. ನಾಕ ವರ್ಷ ಬರದೇನಿ, ಅಂದಾನಿ.”

“ಮುಂದಿನ ಸಲ ಖರೇನ ಓದತೇನಿ.”

“ಮದಲ ಒಂದ ಚಾಕು ತೊಗೋ.”

ಬನಹಟ್ಟಿ ಮೋಟಾರು ಬಂತು. ಪಾಯಪ್ಪ ಹಿಂತಿರುಗಿ ನೋಡದೆ ಹತ್ತಿದ. ಅಂದಾನೆಪ್ಪ ಪುಸ್ತಕವನ್ನು ಬೆಂಚಿನ ಮೇಲೆಯೇ ಬಿಟ್ಟು ಪೇಟೆಯ ಕಡೆ ನಡೆದ.

ಧರಣೇಂದ್ರರು ಅದನ್ನು ಎತ್ತಿಕೊಂಡು ಎಣಿಸಿದರು. ಒಟ್ಟು ಪುಟ ತೊಂಬತ್ತಾರು, ಸೀಳಿದ್ದು ಎಂಟು.