ಪ್ರಜೆ ಎಂಬ ಮಾತು, ರಂಪಣಿಯ ಹಗ್ಗ

ಅಧ್ಯಕ್ಷತೆ ವಹಿಸಿರುವ ಸುಮಿತಾ ಮೇಡಮ್ ಅವರೇ, ವೇದಿಕೆಯ ಗಣ್ಯರೇ, ಅಂಕೋಲೆಯ ಈ ಸೆಕೆಯಲ್ಲೂ ಎದ್ದುಹೋಗದೆ ಕುಳಿತಿರುವ ಸಭಿಕರೇ, ನನ್ನ ಮಕ್ಕಳೇ,

ಮೂವತ್ತೈದು ವರ್ಷ ಸಮಾಜ ವಿಜ್ಞಾನ ಕಲಿಸಿದ ಈ ತುಳಸಿದಾಸ ಮಾಸ್ತರನನ್ನು ಇಂದು ಶಾಲು ಹೊದಿಸಿ ಮನೆಗೆ ಕಳಿಸುತ್ತಿದ್ದೀರಿ. ಹೋಗುವ ಮುನ್ನ ಒಂದು ಕೊನೆಯ ಪಾಠ. ಹೆದರಬೇಡಿ, ಪರೀಕ್ಷೆ ಇಲ್ಲ.

ಹಾರವಾಡದ ದಂಡೆಯಲ್ಲಿ ಹುಟ್ಟಿದವನು ನಾನು. ಸಂಜೆ ಅಲೆ ನೋಡುತ್ತ ಕೂತರೆ ಮಾತುಗಳೂ ಒಂದೊಂದಾಗಿ ತೇಲಿ ಬಂದಂತೆ ಕಾಣುತ್ತದೆ. 'ಸರ್ಕಾರ' ಪರ್ಶಿಯಾದಿಂದ ಬಂತು. ಸರ್ ಎಂದರೆ ತಲೆ, ಕಾರ್ ಎಂದರೆ ಕೆಲಸ. ನಮ್ಮಲ್ಲಿಗೆ ಮುಟ್ಟುವಷ್ಟರಲ್ಲಿ ತಲೆ ಉಳಿಯಿತು, ಕೆಲಸ ದಾರಿಯಲ್ಲೇ ನೀರಿಗೆ ಬಿತ್ತು! 'ಡೆಮಾಕ್ರಸಿ' ಗ್ರೀಕರದು, ಡೆಮೊಸ್ ಎಂದರೆ ಜನ, ಕ್ರಾಟೊಸ್ ಎಂದರೆ ಬಲ. ನಾವು ಅದನ್ನು ಪ್ರಜಾಪ್ರಭುತ್ವ ಎಂದೆವು. ಪ್ರಜೆ ಎಂದರೆ ಮೊದಲು ಏನಿತ್ತು ಗೊತ್ತೇ? ಸಂಸ್ಕೃತದಲ್ಲಿ ಮಕ್ಕಳು, ಹೆತ್ತ ಸಂತಾನ. ಗಂಡೋ ಹೆಣ್ಣೋ ಎಂದು ಆ ಮಾತು ಕೇಳುತ್ತದೆಯೇ? ಕೇಳುವುದಿಲ್ಲ. ಕೇಳಿದವರು ನಾವು.

ರಂಪಣಿ ಎಂದರೆ ಇಡೀ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು. ಗಂಡಸಿಗೆ ಪೂರ್ತಿ, ಹೆಂಗಸಿಗೆ ಅರ್ಧ. ನನ್ನ ಅಕ್ಕ ದುರ್ಗಿ, "ತಮ್ಮಾ, ನೀ ಓದೂಕೆ ಹೋಗು, ಹಗ್ಗ ನಾ ಎಳೀತೆ" ಎಂದು ಶಾಲೆ ಬಿಟ್ಟವಳು. ನಾನು ಕಾರವಾರದ ಕಾಲೇಜಿನಿಂದ ರಜೆಗೆ ಬಂದಿದ್ದಾಗ ದಂಡೆಯ ಮೇಲೆ ಸೇರಿದ್ದ ಊರ ಸಭೆಯಲ್ಲಿ ಅವಳೇ ಎದ್ದು ನಿಂತಳು: "ನಮ್ಗೂ ಪೂರ್ತಿ ಪಾಲು ಬೇಕು. ಹಗ್ಗ ಏನ್ ನಮ್ಮ ಕೈ ಅರ್ಧ ಮಾತ್ರ ಕೊಯ್ತದ್ಯಾ?"

ಒಪ್ಪಿದವರು ಕೈ ಎತ್ತಬೇಕೆಂದು ತೀರ್ಮಾನವಾಯಿತು. ಒಂದು ಕೈ ಕಡಿಮೆ ಬಿತ್ತು. ಅದು ನನ್ನದು. ಪಕ್ಕದಲ್ಲಿ ಬಲೆಯ ಯಜಮಾನ ಕೇಶವಮಾಮ ಕೂತಿದ್ದ, ನನಗೆ ಹೆದರಿಕೆಯಾಯಿತು. ಡೆಮಾಕ್ರಸಿಯ ಅರ್ಥ ಬಲ್ಲವನು ಊರಿಗೆಲ್ಲ ನಾನೊಬ್ಬನೇ, ಕೈಯನ್ನು ಮರಳಿನಲ್ಲಿ ಹುಗಿದು ಕೂತಿದ್ದೆ. ಅಕ್ಕ ನೋಡಿದಳು. ಮರುದಿನ ಅರ್ಧ ಪಾಲಿನ ಬಂಗಡೆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಅಂಕೋಲೆ ಪೇಟೆಗೆ ಹೋದಳು. ನನ್ನ ಓದು ಸಾಗಿದ್ದು ಅದರಲ್ಲೇ.

ಇಷ್ಟೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ. ಆದರೆ ಮೂರನೇ ಸಾಲಿನಲ್ಲಿ ಅವಳು ಕೂತಿದ್ದಾಳೆ. ಅಕ್ಕಾ, ನಮ್ಮ ದಂಡೆಯ ರಂಪಣಿ ನಿಂತು ಎಷ್ಟೋ ಕಾಲವಾಯಿತು. ನಾನೀಗ ಕೈ ಎತ್ತಿದರೆ ನಿನಗೆ ಒಂದು ಬಂಗಡೆಯೂ ಸಿಗುವುದಿಲ್ಲ. ಆದರೂ ಇಗೋ, ಎತ್ತಿದ್ದೇನೆ.

ಕೇಳಿಸಿಕೊಂಡ ಎಲ್ಲರಿಗೂ ನಾನು ಋಣಿ. ಕೈ ಜೋಡಿಸಲಾಗುತ್ತಿಲ್ಲ, ಕ್ಷಮಿಸಿ. ಅಕ್ಕ ತಲೆ ಎತ್ತಿ ನೋಡುವವರೆಗೆ ಇದನ್ನು ಇಳಿಸಲಾರೆ. ಒಂದೇ ಕೈಯ ನಮಸ್ಕಾರ.