ಕಾಗದದ ಚೀಲದೊಳಗಿನ ಫೋನು

ರಾತ್ರಿ ಒಂಬತ್ತೂವರೆ. ನನ್ನ ಚಿಕ್ಕಪ್ಪನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್, ಹಾಳು ಬಾವಿ ದಾಟುತ್ತಿದ್ದ. ಹಿಂದಿನಿಂದ ಸೀಟಿ ಕೇಳಿತು. ಪೀಕ್... ಪೀಕ್. ಬಸ್ಸು ಹೊರಡಲಿ ಅಂತ ಊದುತ್ತಾರಲ್ಲ, ಹಾಗೆ ಎರಡು ಸಲ.

ನಿಂತ.

"ಏನೋ ಗೋಂದು..."

ಹಾಗೆ ಕರೆಯುವವನು ಒಬ್ಬನೇ. ಕಂಡಕ್ಟರ್. ಇಬ್ಬರಿಗೂ ಲಿವರ್ ಕೈಕೊಟ್ಟಿತ್ತು. ಒಂದೇ ಗುಂಪಿನ ರಕ್ತ. ಬೇರೆ ಲಿವರ್ ಸಿಗಲೆಂದು ಹೆಸರು ಬರೆಸಿ ಹನ್ನೊಂದು ತಿಂಗಳು. ಪಟ್ಟಿಯಲ್ಲಿ ಕಂಡಕ್ಟರ್ ಮುಂದೆ, ಇವನು ಹಿಂದೆ. ಒಬ್ಬನಿಗೆ ಸಿಕ್ಕರೆ ಇನ್ನೊಬ್ಬ ಬಂದು ಮಂಚದ ಪಕ್ಕ ಕೂರಬೇಕೆಂದು ಆಸ್ಪತ್ರೆಯ ಬೆಂಚಿನ ಮೇಲೆ ಮಾತಾಗಿತ್ತು.

ಕಂಡಕ್ಟರ್ ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು.

"ಯಾವಾಗ ಬಿಟ್ರೋ?"

"ಈಗ್ಲೇ... ಫೋನೆಲ್ಲಿ?"

"ಮನೇಲಿ."

"ಮನೇಲಿ ಎಲ್ಲಿ?"

ಬೈಂಡರ್ ತಲೆ ತಗ್ಗಿಸಿದ. ಫೋನು ಸದಾ ಕೈಯಲ್ಲಿರಬೇಕು. ಎತ್ತದಿದ್ದರೆ ಮುಂದಿನವನ ಪಾಲು. ಅದು ಆಸ್ಪತ್ರೆಯ ಕಟ್ಟಪ್ಪಣೆ. ಎರಡು ಸಲ ಇಬ್ಬರನ್ನೂ ಕರೆದು, ಬಂದ ಲಿವರ್ ಸರಿಯಿಲ್ಲವೆಂದು ಎರಡು ಸಲವೂ ವಾಪಸ್ ಕಳಿಸಿದ್ದರು. ಇವನ ಆಸೆ ಸತ್ತಿತ್ತು. ಪುಸ್ತಕದ ಅಂಚು ಕತ್ತರಿಸಿದ ಕಾಗದವನ್ನೆಲ್ಲ ಅವನು ಒಂದು ಚೀಲದಲ್ಲಿ ತುಂಬಿಡುತ್ತಿದ್ದ. ಅವತ್ತು ಸಂಜೆ ಫೋನನ್ನು ಅದರೊಳಗೆ ಮೊಳ ಆಳಕ್ಕೆ ಹೂತು, ಮನೆಗೆ ಬೀಗ ಹಾಕಿ ಹೊರಟಿದ್ದ.

"ಕತ್ತೆ," ಅಂದ ಕಂಡಕ್ಟರ್, ಪಿಸುದನಿಯಲ್ಲಿ. "ಸ್ಟಾಪ್ ಬಂದಾಗ ಗೊರಕೆ ಹೊಡೆಯೋ ಜಾತಿ ನೀನು. ನಡಿ ಮನೆಗೆ."

"ನೀನೂ ಬಾರೋ."

"ನಾನು ಇಳಿದಾಯ್ತು... ಹೋಗು."

ಬೀದಿ ದೀಪ ಅವನ ಮುಖದ ಮೇಲಿತ್ತು. ಹನ್ನೊಂದು ತಿಂಗಳು ಅರಿಶಿನ ಬಳಿದಂತಿದ್ದ ಕಣ್ಣು ಬೆಳ್ಳಗಿತ್ತು.

ಬೈಂಡರ್ ಓಡಲಾರ. ಹೊಟ್ಟೆ ತುಂಬ ನೀರು. ಏದುಸಿರು ಬಿಡುತ್ತ ನಡೆದ. ಬೀಗ ತೆಗೆದ. ಚಟ್. ಚೀಲದೊಳಗೆ... ಗುರ್... ಗುರ್.

"ತಕ್ಷಣ ಹೊರಡಿ," ಅಂದಳು ನರ್ಸ್.

ಹತ್ತು ಗಂಟೆ ಹೊತ್ತು ಕೊಯ್ದರು. ಬದುಕಿದ.

ಒಂಬತ್ತನೆಯ ದಿನ ವಾರ್ಡಿಗೆ ತಂದರು. ಮಂಚದ ಪಕ್ಕ ಒಂದೇ ಕುರ್ಚಿ. ನೋಡಿಕೊಳ್ಳಲು ಬಂದ ತನ್ನ ಅಕ್ಕನನ್ನು ಅದರಲ್ಲಿ ಕೂರಲು ಬಿಡಲಿಲ್ಲ.

"ಕಂಡಕ್ಟರ್ ಬರ್ತಾನೆ ಕಣೇ. ಮಾತು ಕೊಟ್ಟಿದ್ದಾನೆ."

ಅಕ್ಕ ಮೂರು ದಿನ ನಿಂತೇ ಗಂಜಿ ಕುಡಿಸಿದಳು. ನಾಲ್ಕನೆಯ ದಿನ ಗೋಡೆ ಕಡೆ ತಿರುಗಿದಳು.

"ಅವನಿಲ್ಲ ಕಣೋ. ನಿನಗೆ ಫೋನ್ ಬಂತಲ್ಲ, ಅವತ್ತೇ ಸಂಜೆ ಏಳಕ್ಕೆ ಹೋದ. ನಿನಗೆ ಹಾಕಿರೋದು... ಅವನಿಗೇ ಅಂತ ಬಂದಿದ್ದು."

ಬೈಂಡರ್ ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು ಮಲಗಿದ್ದ. ಊಟದ ಗಾಡಿ ಬಂತು, ಹೋಯಿತು. ಆಮೇಲೆ ಹೇಳಿದ.

"ಕೂತ್ಕೋ ಅಕ್ಕ."

ಮನೆಗೆ ಕಳಿಸುವ ದಿನ ನರ್ಸ್ ಬೈದಳು.

"ಮೊದಲನೇ ಸಲ ಫೋನ್ ಎತ್ತಿದ್ದು ಯಾರ್ರೀ? ಮಾತೇ ಇಲ್ಲ. ಎರಡು ಸೀಟಿ ಊದಿ ಇಟ್ಟುಬಿಟ್ರು. ಎತ್ತಿದಾರಲ್ಲ ಅಂತ ಕಾದ್ವಿ. ಇಲ್ದಿದ್ರೆ ಮುಂದಿನವರನ್ನ ಕರೀತಿದ್ವಿ."

ಆ ಮನೆಯಲ್ಲಿ ಇರುವುದು ಅವನೊಬ್ಬನೇ. ಬೀಗದ ಕೈ ಅವನ ಜೇಬಿನಲ್ಲಿತ್ತು. ಸುಳ್ಳು ಹೇಳಿ ನನಗೇನಾಗಬೇಕು? ಆ ಫೋನನ್ನು ನಾನೇ ನೋಡಿದ್ದೇನೆ. ಅವತ್ತು ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಒಂದು ಕರೆ ಬಂದಿದೆ. ಎತ್ತಿದ್ದಾರೆ. ಹನ್ನೊಂದು ಸೆಕೆಂಡು.