ಎರಡು ವಯರಿನ ಸೆನ್ಸರ್

"ಹಲೋ... ಯಾರ್ ಮಾತಾಡುದ್?... ಬೈಂದೂರಿಂದ?... ಓ, ಯೋಗೀಶನಾ. ಹೇಳ್ ಮಾರಾಯ, ಎಂತ ಅಪ್ರೂಪ..."

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ಗಾಡಿಗಳ ವಯರಿಂಗ್ ಮಾಡುತ್ತಿದ್ದ ಪ್ರೇಮಾನಂದನಿಗೆ ಮೆಕ್ಯಾನಿಕ್ ಯೋಗೀಶ ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ಒಬ್ಬರ ಕೆಲಸವನ್ನು ಇನ್ನೊಬ್ಬರು ಎಂದೂ ಹೊಗಳಿದವರಲ್ಲ. ಪ್ರೇಮಾನಂದ ಕೈಯಲ್ಲಿದ್ದ ಟೆಸ್ಟರನ್ನು ಬದಿಗಿಟ್ಟು ಕುರ್ಚಿಗೆ ಒರಗಿದ.

"ಹಾಂ... ಹಳೆ ಪೆಟ್ರೋಲ್ ಜೀಪಾ?... ಎಂಜಿನ್ ಕಂಪ್ಯೂಟರ್ ಕಂಪ್ನಿದಲ್ಲ, ಹೊರ್ಗಿಂದ್ ತಂದ್ ಹಾಕದ್ದಾ?... ನಿಂತಲ್ಲೇ ಲಾಯ್ಕ್ ಓಡತ್ತ್, ಕಾಲ್ ಒತ್ತಿರೆ ಮಿಸ್ ಹೊಡಿತ್ತ್. ಅಲ್ದಾ?... ಕಾಣ್, ನೀ ಹೇಳುಕ್ ಮುಂಚೆಯೇ ಗೊತ್ತಾಯ್ತ್."

"ಕ್ರ್ಯಾಂಕ್ ಸೆನ್ಸರಿಗೆ ಎಷ್ಟ್ ವಯರ್?... ಎರ್ಡ್. ಅದೇ ಕತಿ. ಮೂರ್ ವಯರಿಂದ್ ಪ್ರಾಮಾಣಿಕ ಮಾರಾಯ, ತಪ್ಪ್ ಹಾಕಿರೆ ಸ್ಟಾರ್ಟೇ ಆತಿಲ್ಲ. ಎರ್ಡ್ ವಯರಿಂದ್ ಉಲ್ಟಾ ಹಾಕಿರೂ ಓಡತ್ತ್. ಆದ್ರೆ ಎಂಜಿನ್ ಎಷ್ಟ್ ತಿರ್ಗಿತ್ ಅಂದೇಳಿ ಕಂಪ್ಯೂಟರಿಗೆ ಸುಳ್ಳ್ ಸುದ್ದಿ ಹೋತ್ತ್. ಸ್ಪೀಡ್ ಏರ್ದಾಂಗೆ ಕಿಡಿ ತಪ್ಪತ್ತ್... ಹತ್ರ ಯಾರ್ ಇಪ್ಪುದ್?... ಜಿತೇಂದ್ರ ಶೆಟ್ರಾ? ಜೀಪ್ ಅವ್ರದ್ದಾ?... ಸ್ಪೀಕರಿಗೆ ಹಾಕದ್ದಾ? ಅಡ್ಡಿಲ್ಲ, ಅವ್ರೂ ಕೇಣ್ಲಿ."

ಕೇಳುವವರು ಇಬ್ಬರಾದ ಮೇಲೆ ಪ್ರೇಮಾನಂದನ ದನಿ ತಾನಾಗಿಯೇ ದೊಡ್ಡದಾಯಿತು.

"ಸೆನ್ಸರ್ ವಯರಿನ ಸುತ್ತ ತಂತಿ ಬಲೆ ಇತ್ತಲೆ, ಅದನ್ನ ಎಲ್ಲ್ ಅರ್ತಿಂಗ್ ಮಾಡಿರ್?... ಎರ್ಡೂ ಬದಿಗಾ?... ಒಂದೇ ಬದಿಗ್ ಮಾಡ್ಕ್, ಕಂಪ್ಯೂಟರ್ ಬದಿಗ್. ಎರ್ಡೂ ಬದಿಗ್ ಮಾಡಿರೆ ಸೆನ್ಸರಿನ ಸುದ್ದಿ ಕೆಡತ್ತ್. ಶೆಟ್ರೆ, ಬೇಜಾರ್ ಮಾಡ್ಕಣ್ಬೇಡಿ, ಇದನ್ನ ಮಾಡ್ದವ ಎಲೆಕ್ಟ್ರಿಷನ್ ಅಲ್ಲ. ಮದಿ ಚಪ್ಪರಕ್ ಮಾಲೆ ಲೈಟ್ ಕಟ್ಟುವವ..."

"ಎಂತ?... ನಿನ್ನೆಯಾ?... ನಾಗೋಡಿ ಘಾಟಿ ಮೇಲಾ?... ಮಕ್ಳೂ ಇದ್ದಿದ್ರಾ?... ಯಾರಿಗೂ ಎಂತ ಆಯ್ಲಿಲ್ಲ ಅಲ್ದಾ?..."

ಲಾರಿಯನ್ನು ಹಿಂದೆ ಹಾಕಲು ಹೊರಟ ಜೀಪು ಅದರ ಸಮಕ್ಕೆ ಬಂದಾಗಲೇ ಮುಗ್ಗರಿಸಿತ್ತಂತೆ. ಎದುರು ಬಂದ ಬಸ್ಸಿನವನು ಚರಂಡಿಗೆ ಚಕ್ರ ಇಳಿಸಿ ಜಾಗ ಬಿಟ್ಟದ್ದರಿಂದ ಎಲ್ಲರೂ ಉಳಿದಿದ್ದರು. ಪ್ರೇಮಾನಂದನಿಗೆ ನಿಜವಾಗಿಯೂ ಸಿಟ್ಟು ಬಂತು.

"ಆ ವಯರ್ ಹಾಕ್ದವನ ಹೆಸ್ರ್ ಹೇಳಿ ಶೆಟ್ರೆ, ನಾನೇ ಹೋಯಿ ಕೇಂತೆ... ಜೀಪ್ ಸೆಕೆಂಡ್ ಹ್ಯಾಂಡಾ?... ಇರ್ಲಿ. ಯೋಗೀಶ, ಕಂಪ್ಯೂಟರ್ ಪೆಟ್ಟಿ ಎಲ್ಲಿತ್ತ್?... ಸೀಟಿನಡಿ... ಎಂತದ್ರಲ್ಲಿ ಸುತ್ತಿರ್?... ಹಸ್ರ್ ರೈನ್‌ಕೋಟಾ?..."

ಮೂರು ಮಳೆಗಾಲದ ಹಿಂದೆ ನಾವುಂದದಲ್ಲಿ ನೆರೆ ನುಗ್ಗಿ ಚಂದಯ್ಯನ ಜೀಪಿನ ಕಂಪ್ಯೂಟರ್ ಹಾಳಾಗಿತ್ತು. ಹೊಸದನ್ನು ಕೂರಿಸಿದವನು ಪ್ರೇಮಾನಂದನೇ. ಇನ್ನೊಮ್ಮೆ ನೀರು ತಾಗದಿರಲೆಂದು ಹೆಂಡತಿ ಉಮಾವತಿಯ ಹಸಿರು ರೈನ್‌ಕೋಟನ್ನು ಕತ್ತರಿಸಿ ಸುತ್ತಿದ್ದ; ಆಕೆ ಎರಡು ದಿನ ಮಾತು ಬಿಟ್ಟಿದ್ದಳು. ಚಂದಯ್ಯ ಮೂವತ್ತರ ಸ್ಪೀಡಿಗಿಂತ ಮೇಲೆ ಗಾಡಿ ಓಡಿಸದ ಮನುಷ್ಯ, ದೂರು ಬಂದಿರಲಿಲ್ಲ. ದೂರು ಬಾರದ್ದನ್ನೇ ಪ್ರೇಮಾನಂದ ತನ್ನ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು ಅಂದುಕೊಂಡಿದ್ದ.

"...ಹಾಂ, ಇದ್ದೆ. ಇದ್ದೆ ಮಾರಾಯ... ಬ್ಯಾಟರಿ ಬಿಚ್ಚ್. ಆ ಎರ್ಡ್ ವಯರ್ ಅದ್ಲ್ ಬದ್ಲ್ ಮಾಡ್. ಬಲೆ ಎಂಜಿನ್ ಬದಿಯದ್ದ್ ಬಿಡ್ಸ್. ಆಮೇಲೆ ಟೈಮಿಂಗ್ ಲೈಟ್ ಹಿಡ್ದ್ ಕಿಡಿ ಸಮಕ್ ಬತ್ತಾ ಕಾಣ್... ನಾ ಫೋನ್ ಇಡುದಿಲ್ಲ."

ಇಪ್ಪತ್ತು ನಿಮಿಷ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಹಾರ್ನ್ ರಿಪೇರಿಗೆ ಬಂದ ಸ್ಕೂಟರಿನವನನ್ನು ಕೈಸನ್ನೆಯಲ್ಲೇ ಕಳಿಸಿದ. ಕೊನೆಗೆ ಅತ್ತ ಎಂಜಿನ್ ಹೊತ್ತಿಕೊಂಡಿತು. ಸದ್ದು ಏರಿತು, ಇನ್ನೂ ಏರಿತು, ಎಲ್ಲಿಯೂ ಕಡಿಯಲಿಲ್ಲ.

"ಕೇಂತ್, ಕೇಂತ್. ಈಗ ಮಿಸ್ ಇಲ್ಲೆ... ಥ್ಯಾಂಕ್ಸ್ ಎಲ್ಲ ಬ್ಯಾಡ ಶೆಟ್ರೆ..."

ಫೋನ್ ಇಟ್ಟುಬಿಡಬಹುದಿತ್ತು. ಹೆಬ್ಬೆರಳು ಕೆಂಪು ಗುಂಡಿಯ ತನಕ ಹೋಗಿಯೂ ಇತ್ತು.

"ಶೆಟ್ರೆ, ಒಂದ್ ಮಾತ್... ಆ ವಯರ್ ಹಾಕದ್ದ್ ನಾನೇ... ಹೌದ್, ನಾನ್. ಚಂದಯ್ಯನವ್ರ ಜೀಪ್ ಅದ್..."

"ಎಂತ ಯೋಗೀಶ?... ನಿಂಗ್ ಗೊತ್ತಿತ್ತಾ?... ಚಂದಯ್ಯನವ್ರ್ ಬೆಳಿಗ್ಗೆಯೇ ಹೇಳಿದ್ರಾ?... ಗೊತ್ತಿದ್ದೇ ನನ್ನತ್ರ ಕೇಂಡದ್ದಾ? ನಾನಾಗಿ ಹೇಳುದ್ ಕಾಂಬುಕಾ?... ಶೆಟ್ರಿಗೂ ಗೊತ್ತಿತ್ತಾ?..."

"...ಶೆಟ್ರೆ, ನಾ ಇವತ್ತೇ ಅಲ್ಲಿಗ್ ಬತ್ತೆ. ಎಲ್ಲ ವಯರ್ ಹೊಸ್ತ್ ಎಳ್ದ್ ಕೊಡ್ತೆ... ಮಕ್ಳ್ ತುಂಬ ಹೆದ್ರಿದ್ರಾ?... ಹಲೋ?... ಶೆಟ್ರೆ?... ಹಲೋ?..."

ಲೈನು ಕಟ್ಟಾಗಿತ್ತು.